ಜಾತ್ರೆಯ ಜನರ ನಡುವೆ ಹೆಸರು ಉಳಿಸಿಕೊಳ್ಳುವುದು ಹೇಗೆ: ಅಂಗಡಿಕಾರರಿಗೆ, ಸಂಸ್ಥೆಗಳಿಗೆ, ಮುಖಂಡರಿಗೆ

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಗುಡಿಯ ಸುತ್ತಲಿನ ರಸ್ತೆಗಳಲ್ಲಿ ಎಲ್ಲಿ ನೋಡಿದರೂ ಫ್ಲೆಕ್ಸ್. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಮಾತು: ‘ಜಾತ್ರೆಗೆ ಆಗಮಿಸುವ ಸಕಲ ಸದ್ಭಕ್ತರಿಗೆ ಹಾರ್ದಿಕ ಸ್ವಾಗತ’. ಕೆಳಗೆ ಕೈಮುಗಿದು ನಿಂತ ಒಬ್ಬರು, ಅವರ ಸುತ್ತ ಪಾಸ್‌ಪೋರ್ಟ್ ಅಳತೆಯ ಹದಿನೈದಿಪ್ಪತ್ತು ಮುಖಗಳು. ನಂದಿಕೋಲಿನ ಮೆರವಣಿಗೆ ನೋಡಲು ಬಂದವರು ಅವುಗಳ ಕೆಳಗೇ ಹಾದು ಹೋಗುತ್ತಾರೆ, ಓದುವವರು ಅಪರೂಪ. ಅದೇ ಜಾತ್ರೆಯ ದನದ ಪೇಟೆಯಲ್ಲಿ ಎತ್ತುಗಳಿಗೆ ನೀರಿನ ಟ್ಯಾಂಕರ್ ನಿಲ್ಲಿಸಿದವರು ಯಾರೆಂದು ರೈತರನ್ನು ಕೇಳಿ ನೋಡಿ, ಥಟ್ಟನೆ ಹೆಸರು ಹೇಳುತ್ತಾರೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಜನ ಸೇರಿಸುವುದು ಕಷ್ಟದ ಮಾತೇ ಅಲ್ಲ. ಬಾದಾಮಿ ಬನಶಂಕರಿ, ಸವದತ್ತಿ ಯಲ್ಲಮ್ಮ, ಬಾಗಲಕೋಟೆಯ ಹೋಳಿ, ಕಿತ್ತೂರು ಉತ್ಸವ, ಬೆಳಗಾವಿಯ ಗಣೇಶೋತ್ಸವ, ನವೆಂಬರ್ 1ರ ರಾಜ್ಯೋತ್ಸವ ಮೆರವಣಿಗೆ ಎಲ್ಲದಕ್ಕೂ ಜನ ತಾವಾಗಿಯೇ ಬರುತ್ತಾರೆ. ಸೇರಿದ ಜನಕ್ಕೆ ಆ ಜಾಗದಲ್ಲಿ, ಆ ಹೊತ್ತಿನಲ್ಲಿ ಏನು ಬೇಕೋ ಅಂಥ ಒಂದು ಕೆಲಸವನ್ನು ಚೊಕ್ಕಟವಾಗಿ ಮಾಡಿಕೊಡುವವರು ಕಡಿಮೆ. ಗಮನ ಸೆಳೆಯಬೇಕೆನ್ನುವವರು ಹಣ ಹಾಕಬೇಕಾದದ್ದು ಅಲ್ಲಿ.

ಇದಕ್ಕೆ ಬೆಳಗಾವಿಯಲ್ಲೇ ದೊಡ್ಡ ಉದಾಹರಣೆ ಇದೆ. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಟಿಳಕವಾಡಿಯಲ್ಲಿ ನಡೆಯಿತು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತ್ವದಲ್ಲಿ ಎದ್ದ ಡೇರೆ, ಚಪ್ಪರ, ಕಮಾನುಗಳೆಲ್ಲ ಅಧಿವೇಶನ ಮುಗಿದ ಮೇಲೆ ಬಿಚ್ಚಿಹೋದವು. ಬಂದವರಿಗೆ ನೀರು ಬೇಕೆಂದು ತೋಡಿದ ಬಾವಿ ಮಾತ್ರ ಉಳಿಯಿತು. ನೂರು ವರ್ಷದ ಮೇಲೂ ಜನ ಅದನ್ನು ಕಾಂಗ್ರೆಸ್ ಬಾವಿ ಎಂದೇ ಕರೆಯುತ್ತಾರೆ.

ಮೊದಲ ಹೆಜ್ಜೆ: ಉದ್ದೇಶವನ್ನು ಒಂದು ಸಾಲಿನಲ್ಲಿ ಬರೆಯಿರಿ

‘ಹೆಸರಾಗಬೇಕು’ ಎನ್ನುವುದು ಉದ್ದೇಶವಲ್ಲ. ‘ಇಂಡಿ, ಸಿಂದಗಿ ತಾಲ್ಲೂಕಿನ ನಿಂಬೆ ಬೆಳೆಗಾರರಲ್ಲಿ ಇನ್ನೂರು ಮಂದಿಗೆ ನಮ್ಮ ಹನಿ ನೀರಾವರಿ ಅಂಗಡಿ ಎಲ್ಲಿದೆ ಎಂದು ತಿಳಿಯಬೇಕು’ ಎನ್ನುವುದು ಉದ್ದೇಶ. ‘ವಾರ್ಡಿನ ಪ್ರತಿ ಮನೆಯ ಒಬ್ಬರಾದರೂ ನನ್ನ ಜೊತೆ ಮುಖಾಮುಖಿ ಮಾತಾಡಿರಬೇಕು’ ಎನ್ನುವುದೂ ಉದ್ದೇಶವೇ. ಸಾಲಿನಲ್ಲಿ ಯಾರು, ಎಷ್ಟು ಮಂದಿ, ಆಮೇಲೆ ಅವರು ಏನು ಮಾಡಬೇಕು, ಈ ಮೂರೂ ಇರಬೇಕು. ಆಗ ಡಿಜೆ ಬೇಕೋ ಬೇಡವೋ, ಸಿನಿಮಾ ನಟರು ಬೇಕೋ ಬೇಡವೋ ಎಂಬ ಅರ್ಧ ಪ್ರಶ್ನೆಗಳು ತಾವೇ ಬಗೆಹರಿಯುತ್ತವೆ.

ದಿನಾಂಕ

ಸರಕು ಮಾರುವವರು ಪಂಚಾಂಗದ ಜೊತೆಗೆ ಬೆಳೆಯ ಲೆಕ್ಕವನ್ನೂ ನೋಡಬೇಕು. ವಿಜಯಪುರದ ದ್ರಾಕ್ಷಿ ಮತ್ತು ಒಣದ್ರಾಕ್ಷಿ ಭಾಗದಲ್ಲಿ ಕೈಯಲ್ಲಿ ಹಣ ಓಡಾಡುವುದು ಫೆಬ್ರುವರಿಯಿಂದ ಬೇಸಿಗೆಯವರೆಗೆ. ಮುಧೋಳ, ಜಮಖಂಡಿ, ಅಥಣಿ, ಗೋಕಾಕ ಕಡೆ ಕಬ್ಬು ನುರಿಸುವುದು ನವೆಂಬರ್ ಸುಮಾರಿಗೆ ಶುರುವಾಗುತ್ತದೆ, ಆದರೆ ಕಬ್ಬಿನ ಹಣ ರೈತರ ಕೈಸೇರುವುದು ತಡ. ಹಾಗಾಗಿ ಕಬ್ಬಿನ ಸೀಮೆಯಲ್ಲಿ ನವೆಂಬರ್‌ನಲ್ಲಿ ದೊಡ್ಡ ಮಾರಾಟ ಮೇಳ ಇಟ್ಟರೆ ಜನ ನೋಡಿ, ದರ ಕೇಳಿ, ಹೊರಟುಹೋಗುತ್ತಾರೆ. ಅವರಿಗೆ ಮನಸ್ಸಿಲ್ಲವೆಂದಲ್ಲ, ಹಣ ಬಂದಿರುವುದಿಲ್ಲ.

ಸುದ್ದಿಯಾಗಬೇಕೆನ್ನುವವರ ಲೆಕ್ಕ ಬೇರೆ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವ ದಿನಗಳಲ್ಲಿ ಬೆಂಗಳೂರಿನ ವರದಿಗಾರರೆಲ್ಲ ಬೆಳಗಾವಿಯಲ್ಲಿರುತ್ತಾರೆ. ಸಂಘಟನೆಗಳು ಬಸ್ತವಾಡ, ಕೊಂಡಸಕೊಪ್ಪದಲ್ಲಿ ಟೆಂಟ್ ಹಾಕಿ ಧರಣಿ ಕೂರುವುದು ಇದೇ ಕಾರಣಕ್ಕೆ. ಆದರೆ ದಿನವೊಂದಕ್ಕೆ ಹತ್ತಾರು ಧರಣಿಗಳಿರುವಾಗ ಹನ್ನೊಂದನೆಯದಕ್ಕೆ ಪತ್ರಿಕೆಯಲ್ಲಿ ಜಾಗ ಸಿಗುವುದು ಕಷ್ಟ. ನಿಮ್ಮ ಬೇಡಿಕೆ ಯಾವ ಇಲಾಖೆಯದೋ ಆ ಇಲಾಖೆಯ ಚರ್ಚೆ ಸದನದಲ್ಲಿ ಯಾವತ್ತು ಬರುತ್ತದೆಂದು ಕಾರ್ಯಕಲಾಪ ಪಟ್ಟಿ ನೋಡಿ ಆ ದಿನ ಹಿಡಿಯಿರಿ.

ಪರ್ಯಾಯ ದಿನಾಂಕವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. 2024ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಶತಮಾನೋತ್ಸವಕ್ಕೆ ಊರೆಲ್ಲ ದೀಪಾಲಂಕಾರವಾಗಿತ್ತು. 26ರ ರಾತ್ರಿ ಮಾಜಿ ಪ್ರಧಾನಿ ಮನಮೋಹನ ಸಿಂಗ್ ತೀರಿಕೊಂಡರು, ಮರುದಿನದ ಸಮಾವೇಶ ನಿಂತುಹೋಗಿ 2025ರ ಜನವರಿ 21ಕ್ಕೆ ನಡೆಯಿತು. ದೊಡ್ಡ ಪಕ್ಷ ಅದನ್ನು ತಾಳಿಕೊಂಡೀತು, ಸಣ್ಣ ಅಂಗಡಿಗೆ ಪೆಂಡಾಲಿನ ಮುಂಗಡವೇ ಮುಳುಗುತ್ತದೆ. ಪೆಂಡಾಲ್, ಮೈಕು, ಅಡುಗೆಯವರ ಜೊತೆ ಮುಂಗಡ ಕೊಡುವಾಗಲೇ ‘ಮುಂದೂಡಿದರೆ ಇದೇ ಹಣ ಬೇರೆ ದಿನಕ್ಕೆ’ ಎಂದು ರಸೀದಿಯ ಮೇಲೆ ಬರೆಸಿಕೊಳ್ಳಬೇಕು.

ಮಾಡಬೇಕಾದ ಕೆಲಸ ಆರಿಸುವುದು

ಈ ಹೆಜ್ಜೆಗೆ ಹೆಚ್ಚು ಹೊತ್ತು ಕೊಡಿ. ಕಾರ್ಯಕ್ರಮಕ್ಕೆ ಮುಂಚೆ ಒಂದು ಸಲ ಆ ಜಾಗಕ್ಕೆ ಹೋಗಿ, ಬಂದವರು ಎಲ್ಲೆಲ್ಲಿ ತೊಂದರೆಪಡುತ್ತಾರೆಂದು ನೋಡಿ. ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಟ್ರ್ಯಾಕ್ಟರ್, ಚಕ್ಕಡಿ ಕಟ್ಟಿಕೊಂಡು ಬರುವ ಕುಟುಂಬಗಳು ಅಲ್ಲೇ ಒಲೆ ಹೂಡಿ ಪಡ್ಡಲಗಿ (ದೇವಿಯ ನೈವೇದ್ಯದ ಬುಟ್ಟಿ) ತುಂಬಿಸುತ್ತವೆ. ಅವರಿಗೆ ಇನ್ನೊಂದು ಸ್ವಾಗತ ಕಮಾನು ಬೇಡ. ನೀರು ಬೇಕು, ಹೆಣ್ಣುಮಕ್ಕಳು ಸೀರೆ ಬದಲಿಸಲು ಮರೆ ಬೇಕು, ತಪ್ಪಿಸಿಕೊಂಡ ಮಗುವನ್ನು ತಂದು ಕೂರಿಸುವ ಒಂದು ಜಾಗ ಬೇಕು. ತಪ್ಪಿಸಿಕೊಂಡ ಮಕ್ಕಳ ಕೇಂದ್ರಕ್ಕೆ ಬೇಕಾದದ್ದು ಒಂದು ಮೇಜು, ಒಂದು ಮೈಕು, ಇಬ್ಬರು ಹೆಣ್ಣುಮಕ್ಕಳು, ಪೊಲೀಸರ ಜೊತೆ ಮೊದಲೇ ಆಡಿದ ಮಾತು ಮತ್ತು ಮಕ್ಕಳ ಕೈಗೆ ಕಟ್ಟಲು ಫೋನ್ ನಂಬರ್ ಬರೆಯುವ ಪಟ್ಟಿಗಳು. ಪಟ್ಟಿಯ ಮೂಲೆಯಲ್ಲಿ ನಿಮ್ಮ ಹೆಸರು ಸಣ್ಣದಾಗಿ ಇದ್ದರೆ ಸಾಕು. ಮಗುವಿನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಬೇಡಿ.

ಯುಗಾದಿಗೆ ಮುಂಚೆ ಈ ಮೂರೂ ಜಿಲ್ಲೆಗಳಿಂದ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರಿಗೆ ದಾರಿಯುದ್ದಕ್ಕೂ ದಾಸೋಹ ಸಿಗುತ್ತದೆ. ಶಿರಾ, ಪಲಾವಿಗೆ ಅಲ್ಲಿ ಕೊರತೆಯಿಲ್ಲ, ಎಷ್ಟೋ ಕಡೆ ಎಲೆಯ ಮೇಲೆ ಉಳಿಯುತ್ತದೆ. ಕಾಡುವುದು ಪಾದದ ಗುಳ್ಳೆ, ಬಿಸಿಲು, ರಾತ್ರಿ ನಡೆಯುವಾಗ ಹಿಂದಿನಿಂದ ಬರುವ ಲಾರಿ. ಆದ್ದರಿಂದ ಔಷಧ ಅಂಗಡಿಯವರು, ಚಪ್ಪಲಿ ವ್ಯಾಪಾರಿಗಳು, ಸಹಕಾರಿ ಸಂಘದವರು ಇಲ್ಲಿ ಬೇರೆಯವರಿಗಿಂತ ಹೆಚ್ಚು ಉಪಯೋಗಕ್ಕೆ ಬರಬಲ್ಲರು. ಕಾಲು ತೊಳೆಯಲು ಉಗುರುಬೆಚ್ಚಗಿನ ನೀರು, ಒರೆಸಲು ಹತ್ತಿ ಬಟ್ಟೆ, ಗುಳ್ಳೆಯನ್ನು ಒಡೆಯದೆ ಮುಚ್ಚುವ ಪಟ್ಟಿ, ಕಿತ್ತ ಚಪ್ಪಲಿ ಹೊಲಿಯುವ ಒಬ್ಬರು, ಇಪ್ಪತ್ತು ಪ್ಲಗ್ಗಿನ ಮೊಬೈಲ್ ಚಾರ್ಜಿಂಗ್ ಬೋರ್ಡು ಇಟ್ಟುಕೊಳ್ಳಿ. ಓಆರ್‌ಎಸ್ ಕೊಡುವುದಾದರೆ ಒಂದು ಲೀಟರಿನ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ಶುದ್ಧ ನೀರಿಗೇ ಕಲಸಬೇಕು. ಲೋಟಕ್ಕೆ ಚೂರು ಚೂರು ಉದುರಿಸಿ ಕೊಟ್ಟರೆ ಉಪ್ಪು ಸಕ್ಕರೆಯ ಪ್ರಮಾಣ ತಪ್ಪುತ್ತದೆ, ಉಪಯೋಗವಾಗುವುದಿಲ್ಲ.

ಕೈಚೀಲದ ಬೆನ್ನಿಗೆ ಅಂಟಿಸುವ ರೇಡಿಯಂ ಸ್ಟಿಕ್ಕರ್ ಇವೆಲ್ಲಕ್ಕಿಂತ ಅಗ್ಗ. ಲಾರಿಯ ದೀಪ ಬಿದ್ದಾಗ ಹೊಳೆದು ನಡೆಯುವವರನ್ನು ಕಾಯುತ್ತದೆ, ನಿಮ್ಮ ಹೆಸರನ್ನು ಶ್ರೀಶೈಲದವರೆಗೂ ಹೊತ್ತೊಯ್ಯುತ್ತದೆ. ಅಕ್ಷರಕ್ಕೆ ಕಾಲು ಭಾಗ ಸಾಕು, ಉಳಿದ ಮುಕ್ಕಾಲು ಹೊಳೆಯುವ ಜಾಗವಾಗಿರಲಿ. ಹೆಸರು ದೊಡ್ಡದು ಮಾಡಲು ಹೋಗಿ ಹೊಳಪು ಕಡಿಮೆಯಾದರೆ ಸ್ಟಿಕ್ಕರ್ ಅಂಟಿಸಿದ್ದೇ ವ್ಯರ್ಥ.

ಮಜ್ಜಿಗೆಯ ಅರವಟಿಗೆ ಇಡುವವರಿಗೆ ಅಳತೆ ಹೀಗೆ. ಸಾವಿರ ಮಂದಿಗೆ 200 ಮಿಲಿಲೀಟರಿನ ಲೋಟದಂತೆ 200 ಲೀಟರ್ ಮಜ್ಜಿಗೆ. ಅದಕ್ಕೆ 50 ಲೀಟರ್ ಮೊಸರು, 150 ಲೀಟರ್ ಕುಡಿಯುವ ನೀರು, ಸುಮಾರು 1 ಕಿಲೊ ಉಪ್ಪು, ಅರ್ಧ ಕಿಲೊ ಹಸಿಶುಂಠಿ, ಕಾಲು ಕಿಲೊ ಹಸಿಮೆಣಸಿನಕಾಯಿ, ಕಾಲು ಕಿಲೊ ಹುರಿದ ಜೀರಿಗೆ ಪುಡಿ, ಕೊತ್ತಂಬರಿ. ಇಡೀ 200 ಲೀಟರನ್ನು ಬೆಳಗ್ಗೆಯೇ ಕಲಸಿಟ್ಟರೆ ಮಾರ್ಚ್‌ನ ಬಿಸಿಲಿಗೆ ಮಧ್ಯಾಹ್ನದೊಳಗೆ ಹುಳಿಯೇರುತ್ತದೆ. 50 ಲೀಟರಿನಂತೆ ನಾಲ್ಕು ಸಲ ಕಲಸಿ. ಐಸ್ ಅನ್ನು ಪಾತ್ರೆಯ ಹೊರಗೆ ಇಡಿ, ಒಳಗೆ ಹಾಕಬೇಡಿ, ಅದನ್ನು ಯಾವ ನೀರಿನಿಂದ ಮಾಡಿದ್ದಾರೆಂದು ನಿಮಗೆ ಗೊತ್ತಿರುವುದಿಲ್ಲ. ಲೋಟ ಎಸೆಯಲು ಅರವಟಿಗೆಯ ಪಕ್ಕ ಒಂದು, ಇಪ್ಪತ್ತು ಹೆಜ್ಜೆ ಮುಂದೆ ಎರಡು ಡಬ್ಬಿ ಬೇಕು, ಜನ ಕುಡಿಯುತ್ತ ಮುಂದೆ ನಡೆಯುತ್ತಾರೆ. ರಸ್ತೆಯಲ್ಲಿ ನಿಮ್ಮ ಹೆಸರಿನ ಲೋಟಗಳು ಚೆಲ್ಲಾಡಿದ್ದರೆ ಅದೇ ಪ್ರಚಾರವಾಗುತ್ತದೆ.

ಜನ್ಮದಿನದ ರಕ್ತದಾನ ಶಿಬಿರ

ಮುಖಂಡರ ಹುಟ್ಟುಹಬ್ಬಕ್ಕೆ ಅಭಿಮಾನಿ ಬಳಗದವರು ಮೊದಲು ನೆನೆಯುವುದು ಇದನ್ನೇ. ಒಳ್ಳೆಯ ಕೆಲಸ, ಆದರೆ ಅವಸರದಲ್ಲಿ ಮಾಡಿದರೆ ರಕ್ತ ಪೋಲಾಗುತ್ತದೆ. ಕೆಂಪು ರಕ್ತಕಣಗಳನ್ನು 35ರಿಂದ 42 ದಿನ ಇಡಬಹುದು, ಪ್ಲೇಟ್‌ಲೆಟ್‌ಗಳನ್ನು 5 ದಿನ ಮಾತ್ರ. ಒಂದೇ ದಿನ ಮುನ್ನೂರು ಮಂದಿಯಿಂದ ತೆಗೆಸಿ ದಾಖಲೆ ಮಾಡಿದರೆ ಒಂದಷ್ಟು ರಕ್ತ ಬಳಕೆಯಾಗದೆ ಅವಧಿ ಮೀರಬಹುದು. ಮುಂದಿನ ತಿಂಗಳು ಹೆರಿಗೆಗೆ, ಅಪಘಾತಕ್ಕೆ ಬೇಕಾದಾಗ ಆ ಮುನ್ನೂರು ಮಂದಿಯೂ ಕೊಡುವಂತಿರುವುದಿಲ್ಲ. ಗಂಡಸರು ಒಮ್ಮೆ ಕೊಟ್ಟರೆ 90 ದಿನ, ಹೆಂಗಸರು 120 ದಿನ ಕಾಯಬೇಕು.

ಆದ್ದರಿಂದ ಮೊದಲು ಪರವಾನಗಿ ಇರುವ ರಕ್ತನಿಧಿಗೆ ಹೋಗಿ ‘ನಿಮಗೆ ಯಾವ ತಿಂಗಳು ಕಡಿಮೆ ಬೀಳುತ್ತದೆ, ಎಷ್ಟು ಯೂನಿಟ್ ಬೇಕು’ ಎಂದು ಕೇಳಿ. ಕಾಲೇಜುಗಳಿಗೆ ರಜೆ ಇರುವ ಬೇಸಿಗೆಯಲ್ಲಿ ಸಾಮಾನ್ಯವಾಗಿ ಕೊರತೆ ಇರುತ್ತದೆ. ವರ್ಷಕ್ಕೊಂದು ದೊಡ್ಡ ಶಿಬಿರದ ಬದಲು ಅರವತ್ತರವತ್ತು ಮಂದಿಯ ನಾಲ್ಕು ಶಿಬಿರ ಮಾಡಿದರೆ ರಕ್ತನಿಧಿಗೂ ಅನುಕೂಲ, ನಿಮ್ಮ ಹೆಸರೂ ನಾಲ್ಕು ಸಲ ಕೇಳಿಬರುತ್ತದೆ. ದಾನಿಗಳು 18ರಿಂದ 65 ವಯಸ್ಸಿನೊಳಗಿರಬೇಕು, ತೂಕ ಕನಿಷ್ಠ 45 ಕಿಲೊ, ಹಿಮೊಗ್ಲೋಬಿನ್ 12.5 ಇರಬೇಕು. ಒಬ್ಬರಿಗೆ ಹಾಸಿಗೆಯ ಮೇಲೆ ಸುಮಾರು ಹತ್ತು ನಿಮಿಷ, ಆಮೇಲೆ ಕಾಲು ಗಂಟೆ ವಿಶ್ರಾಂತಿ ಎಂದು ಹಿಡಿದರೆ ಐದು ಹಾಸಿಗೆಯಲ್ಲಿ ಅರವತ್ತು ಮಂದಿಗೆ ಮೂರು ಗಂಟೆ ಧಾರಾಳ. ವಿಶ್ರಾಂತಿಯ ಜಾಗದಲ್ಲಿ ಬಿಸ್ಕತ್ತು, ಹಣ್ಣಿನ ರಸ, ನೆರಳು, ಫ್ಯಾನು ಇರಲಿ. ಉಪವಾಸವಿದ್ದವರು ಬಂದು ಕೊಟ್ಟು ತಲೆಸುತ್ತಿ ಬೀಳುವುದು ಶ್ರಾವಣದಲ್ಲಿ ಮೇಲಿಂದ ಮೇಲೆ ಆಗುತ್ತದೆ. ನೋಂದಣಿ ಮೇಜಿನಲ್ಲೇ ‘ಊಟ ಆಗಿದೆಯೇನ್ರೀ?’ ಎಂದು ಕೇಳಬೇಕು. ಮುಖಂಡರು ರಕ್ತ ಕೊಡುತ್ತಿರುವವರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವ ಬದಲು ತಾವೇ ಮಲಗಿ ಕೊಟ್ಟರೆ ಆ ಒಂದು ಫೋಟೊ ಸಾಕು.

ಬ್ಯಾನರು, ಹೆಸರು, ಫೋಟೊ

ಅಕ್ಷರದ ಎತ್ತರ ಒಂದು ಇಂಚಿದ್ದರೆ ಹತ್ತು ಅಡಿಯಿಂದ ಸಲೀಸಾಗಿ ಓದಬಹುದು. ಅರವತ್ತು ಅಡಿ ಆಚೆಯಿಂದ ಓದಬೇಕಾದ ಹೆಸರಿಗೆ ಆರು ಇಂಚು ಬೇಕು. ಬೈಕಿನ ಮೇಲೆ ಹೋಗುವವರಿಗೆ ಮೂರು ನಾಲ್ಕು ಸೆಕೆಂಡು ಸಿಗುತ್ತದೆ, ಅಷ್ಟರಲ್ಲಿ ಏಳು ಪದ ಓದಿದರೆ ಹೆಚ್ಚು. ಅಂಗಡಿಯ ಹೆಸರು, ಏನು ಸಿಗುತ್ತದೆ, ಯಾವ ಗುರುತಿನ ಹತ್ತಿರ ಎಂಬಷ್ಟೇ ಹಾಕಿ. ಇಪ್ಪತ್ತು ಮುಖಗಳನ್ನು ತುಂಬಿದರೆ ಆ ಇಪ್ಪತ್ತು ಮಂದಿಗೆ ಮಾತ್ರ ಸಂತೋಷ.

100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರು 2022ರ ಜುಲೈ 1ರಿಂದ ದೇಶದಲ್ಲೇ ನಿಷಿದ್ಧ, ರಾಜ್ಯದಲ್ಲಿ ಫ್ಲೆಕ್ಸ್ ಮೇಲೆ 2016ರಿಂದಲೇ ನಿರ್ಬಂಧವಿದೆ. ಬಟ್ಟೆಯ ಬ್ಯಾನರು ತುಸು ತುಟ್ಟಿ, ಆದರೆ ತೊಳೆದು ಮರುವರ್ಷ ಬಳಸಬಹುದು. ಅನುಮತಿ ಪಾಲಿಕೆ, ನಗರಸಭೆ ಅಥವಾ ಪಂಚಾಯಿತಿಯದು. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾದಾಮಿಯ ಮೇಣಬಸದಿಗಳು, ಪಟ್ಟದಕಲ್ಲು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ಜಾಹೀರಾತಿಗೆ ಚಿತ್ರೀಕರಿಸಲು, ಡ್ರೋನ್ ಹಾರಿಸಲು ಇಲಾಖೆಯ ಅನುಮತಿ ಬೇಕು. ಬೆಳಗಾವಿ ನಗರದಲ್ಲಿ ಮರಾಠಿ ಓದುಗರೂ ಬಹಳ, ಕನ್ನಡವನ್ನು ದೊಡ್ಡದಾಗಿ ಮೇಲೆ ಬರೆಸಿ ಕೆಳಗೆ ಮರಾಠಿ ಸಾಲು ಕೊಟ್ಟರೆ ಗಿರಾಕಿಗೂ ಅನುಕೂಲ.

ಬಾಯಿಪ್ರಚಾರಕ್ಕೆ ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳನ್ನು ನೋಡಿ ಕಲಿಯಬೇಕು. ಮೈಕಿನ ಗಾಡಿ ಬೆಳಗ್ಗೆ ಸಂತೆಯ ಹೊತ್ತಿಗೆ ಊರೊಳಗೆ ಬರುತ್ತದೆ, ನಾಟಕದ ಹೆಸರು, ಹೊತ್ತು, ಟಿಕೆಟ್ ದರ, ಒಂದು ನಗೆಮಾತು ಹೇಳಿ ಮುಂದೆ ಸಾಗುತ್ತದೆ. ಅರ್ಧ ನಿಮಿಷದೊಳಗೆ ಎಲ್ಲವೂ ತಿಳಿದಿರುತ್ತದೆ.

ಅತಿಥಿ, ವೇದಿಕೆ, ನೂಕುನುಗ್ಗಲು

ಒಬ್ಬರಿಗೆ ಶಾಲು, ಹಾರ, ಫೋಟೊ ಎಂದರೆ ಎರಡು ನಿಮಿಷ. ಮೂವತ್ತು ಮಂದಿಗೆ ಸನ್ಮಾನ ಎಂದರೆ ಒಂದು ಗಂಟೆ, ಅಷ್ಟರಲ್ಲಿ ಕುರ್ಚಿಗಳು ಖಾಲಿ. ಸನ್ಮಾನ ಒಂದೇ ಇರಲಿ, ಅದೂ ಜನರಿಗೆ ಗೊತ್ತಿರುವ ಕೆಲಸಗಾರರಿಗೆ ಸಲ್ಲಲಿ: ಇಳಕಲ್ಲಿನ ನೇಕಾರರು, ಶ್ರೀಕೃಷ್ಣ ಪಾರಿಜಾತ ಬಯಲಾಟದ ಹಿರಿಯ ಕಲಾವಿದರು, ಸೂಲಗಿತ್ತಿ ಅಜ್ಜಿ. ಹೂಗುಚ್ಛದ ಬದಲು ಗುಳೇದಗುಡ್ಡದ ಖಣ, ಅಮೀನಗಡದ ಕರದಂಟು ಕೊಟ್ಟರೆ ಮನೆಗೆ ಹೋಗಿ ಮುಟ್ಟುತ್ತದೆ. 30 ಅಡಿಗೆ 60 ಅಡಿಯ ಪೆಂಡಾಲಿನಲ್ಲಿ ನಡುವೆ ದಾರಿ ಬಿಟ್ಟರೆ 250ರಿಂದ 275 ಕುರ್ಚಿ ಹಿಡಿಯುತ್ತವೆ. ಐದುನೂರು ತರಿಸಿದರೆ ದಾರಿ ಮುಚ್ಚುತ್ತದೆ.

ಸಿನಿಮಾ ನಟರನ್ನು ಕರೆಸುವವರು ಒಂದು ಮಾತು ಗಟ್ಟಿಯಾಗಿ ಕೇಳಬೇಕು: ಬೆಳಗಾವಿಯ ಖಡೇಬಜಾರ್, ಗಣಪತ ಗಲ್ಲಿಯಂಥ ಇಕ್ಕಟ್ಟಿನ ಪೇಟೆಯಲ್ಲಿ ಅಂಗಡಿಯ ಬಾಗಿಲಿಗೇ ಕರೆಸಬೇಡಿ. ಜನ ನಟರನ್ನು ನೋಡುತ್ತಾರೆ, ಸರಕನ್ನಲ್ಲ. ‘ಮೊದಲ 100 ಮಂದಿಗೆ 1 ರೂಪಾಯಿಗೆ ಸೀರೆ’ ಎಂಬ ಘೋಷಣೆ ಇನ್ನೂ ಅಪಾಯ. ನಸುಕಿಗೇ ಸಾವಿರ ಮಂದಿ ಬಂದು ನೂಕಾಡುತ್ತಾರೆ, ಒಂಬೈನೂರು ಮಂದಿ ಸಿಟ್ಟಿನಿಂದ ಮರಳುತ್ತಾರೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವಕ್ಕೆ ಬಂದ 11 ಮಂದಿ ಕಾಲ್ತುಳಿತದಲ್ಲಿ ಸತ್ತರು. ಅವಸರದಲ್ಲಿ ಗೊತ್ತಾದ ಕಾರ್ಯಕ್ರಮ, ಒಳಗೆ ಯಾರಿಗೆ ಪ್ರವೇಶ ಎಂಬ ಗೊಂದಲ, ಗೇಟುಗಳ ಬಳಿ ಒತ್ತಡ. ಅದನ್ನು ಯಾವ ಸಂಘಟಕರೂ ಮರೆಯಬಾರದು. ಕೊಡುಗೆ ಕೊಡಲೇಬೇಕೆಂದಿದ್ದರೆ ಟೋಕನ್ ಮೊದಲೇ ಹಂಚಿ, ಹತ್ತು ದಿನಕ್ಕೆ ದಿನಕ್ಕೆ ಹತ್ತರಂತೆ ಕರೆಯಿರಿ. ಹತ್ತು ದಿನವೂ ಅಂಗಡಿಯ ಮುಂದೆ ಜನ ಇರುತ್ತಾರೆ.

ಪೆಂಡಾಲಿಗೆ ಎದುರುಬದುರು ಕನಿಷ್ಠ ಎರಡು ದಾರಿ, ಅಡುಗೆಯ ಒಲೆ ಮತ್ತು ಸಿಲಿಂಡರ್ ಪೆಂಡಾಲಿನ ಹೊರಗೆ, ಅಗ್ನಿಶಾಮಕ ವಾಹನ ಬರಲು 15 ಅಡಿ ಅಗಲದ ಹಾದಿ. ಧ್ವನಿವರ್ಧಕಕ್ಕೆ ಪೊಲೀಸರ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಹಚ್ಚುವಂತಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯದ 100 ಮೀಟರ್ ಸುತ್ತ ನಿಶ್ಶಬ್ದ ವಲಯ. ಪರೀಕ್ಷೆಯ ದಿನಗಳಲ್ಲಿ ಡಿಜೆ ಹಚ್ಚಿದ ಅಂಗಡಿಯ ಹೆಸರನ್ನು ಓಣಿಯ ತಾಯಂದಿರು ಮರೆಯುವುದಿಲ್ಲ.

ಲಕ್ಕಿ ಡ್ರಾ ಇಡುವವರು ವಕೀಲರನ್ನು ಕೇಳಿಯೇ ಇಡಿ. ಸರಕು ಮಾರಲು ಅದೃಷ್ಟದ ಸ್ಪರ್ಧೆ ನಡೆಸುವುದು, ಫಲಿತಾಂಶ ಮುಚ್ಚಿಡುವುದು, ದರ ಏರಿಸಿ ರಿಯಾಯಿತಿ ತೋರಿಸುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರದ ಪಟ್ಟಿಗೆ ಬೀಳುತ್ತವೆ. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಸುದ್ದಿ ಕಳಿಸುವುದು

ಪತ್ರಿಕೆಯ ಜಿಲ್ಲಾ ಪುಟ ಸಂಜೆಯೇ ಸಿದ್ಧವಾಗಿಬಿಡುತ್ತದೆ. ಕಾರ್ಯಕ್ರಮ ಬೆಳಗ್ಗೆ 11ಕ್ಕೆ ಮುಗಿದರೆ ಮಧ್ಯಾಹ್ನ 3ರೊಳಗೆ ಸುದ್ದಿ ವರದಿಗಾರರ ಕೈಯಲ್ಲಿರಬೇಕು. ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿ, 150 ಪದ ಮೀರಬೇಡಿ. ಮೊದಲ ಸಾಲಿನಲ್ಲಿ ಏನಾಯಿತು, ಎಷ್ಟು ಮಂದಿಗೆ ಉಪಯೋಗವಾಯಿತು ಎಂದಿರಲಿ, ಅಧ್ಯಕ್ಷತೆ ವಹಿಸಿದವರ ಪಟ್ಟಿ ಕೊನೆಗೆ. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲದಿದ್ದರೆ ಅಚ್ಚಿನಲ್ಲಿ ಮಸುಕಾಗುತ್ತದೆ. ಎಡದಿಂದ ಬಲಕ್ಕೆ ಹೆಸರು ಬರೆಯಿರಿ. ಸಾಲಾಗಿ ನಿಂತ ಹನ್ನೆರಡು ಜನರ ಫೋಟೊಗಿಂತ ಮಜ್ಜಿಗೆ ಕುಡಿಯುತ್ತಿರುವ ಅಜ್ಜನ ಫೋಟೊ ಪುಟದಲ್ಲಿ ಬೇಗ ಜಾಗ ಹಿಡಿಯುತ್ತದೆ, ಅವರ ಒಪ್ಪಿಗೆ ಕೇಳಿ ತೆಗೆಯಿರಿ. ವರದಿಗಾರರಿಗೆ ದುಡ್ಡಿನ ಲಕೋಟೆ ಕೊಡಬೇಡಿ.

ಚುನಾವಣೆ ಘೋಷಣೆಯಾದ ಗಳಿಗೆಯಿಂದ ನೀತಿಸಂಹಿತೆ ಜಾರಿಗೆ ಬರುತ್ತದೆ. ಅಭ್ಯರ್ಥಿಯ ಫೋಟೊ, ಹೆಸರು ಇರುವ ಊಟ, ಕ್ರೀಡಾಕೂಟ, ಕಾಸಿನ ಸುದ್ದಿ ಎಲ್ಲವೂ ಅವರ ಖರ್ಚಿಗೆ ಸೇರಬಹುದು. ಕರ್ನಾಟಕದಲ್ಲಿ ಆ ಮಿತಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ. ಮತಕ್ಕಾಗಿ ಕುಕ್ಕರ್, ಸೀರೆ ಹಂಚುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಲಂಚ. ಅಂಗಡಿಕಾರರು ಆ ದಿನಗಳಲ್ಲಿ ತಮ್ಮ ಮೇಳದ ವೇದಿಕೆಗೆ ಅಭ್ಯರ್ಥಿಗಳನ್ನು ಕರೆಯದಿರುವುದೇ ಲೇಸು.

ಮುಗಿದ ಮೇಲಿನ ಹದಿನೈದು ದಿನ

ಹೆಚ್ಚಿನವರು ಸುಸ್ತಾಗಿ ಮಲಗುವುದು ಇಲ್ಲೇ. ಮರುದಿನ ಬೆಳಗ್ಗೆ ನಿಮ್ಮ ಬ್ಯಾನರುಗಳನ್ನು ನೀವೇ ಬಿಚ್ಚಿಸಿ, ಜಾಗ ಗುಡಿಸಿಸಿ. ಹೆಸರು, ಊರು, ಫೋನ್ ನಂಬರನ್ನು ಒಪ್ಪಿಗೆ ಕೇಳಿ ಬರೆದುಕೊಂಡವರಿಗೆ ಮೂರು ದಿನದೊಳಗೆ ಒಂದು ಸಲ ಮಾತ್ರ ಫೋನ್ ಮಾಡಿ. ಕಣ್ಣಿನ ತಪಾಸಣೆ ಶಿಬಿರವಾಗಿದ್ದರೆ ಶಸ್ತ್ರಚಿಕಿತ್ಸೆ ಬೇಕೆಂದು ಚೀಟಿ ಬರೆಸಿಕೊಂಡವರೆಲ್ಲ ಆಸ್ಪತ್ರೆಗೆ ಮುಟ್ಟಿದರೋ ಇಲ್ಲವೋ ಎಂದು ಒಬ್ಬೊಬ್ಬರನ್ನೇ ಕೇಳಬೇಕು, ವಾಹನ ಸಿಗದೆ ಮನೆಯಲ್ಲೇ ಉಳಿದವರು ಇದ್ದೇ ಇರುತ್ತಾರೆ.

ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಟ್ಟು, ತಿಂಗಳವರೆಗೆ ಹೊಸದಾಗಿ ಬಂದವರನ್ನೆಲ್ಲ ‘ನಮ್ಮ ಅಂಗಡಿ ಹೆಂಗ ಗೊತ್ತಾತ್ರಿ?’ ಎಂದು ಕೇಳಿ ಬರೆಯಿರಿ. ಒಟ್ಟು 60,000 ರೂಪಾಯಿ ಖರ್ಚಾಗಿ ಜಾತ್ರೆಯ ದೆಸೆಯಿಂದ 120 ಮಂದಿ ಹೊಸ ಗಿರಾಕಿಗಳು ಬಂದಿದ್ದರೆ ತಲೆಗೆ 500 ರೂಪಾಯಿ ಬಿದ್ದಂತೆ. ಬಂಗಾರದ ಅಂಗಡಿಗೆ ಇದು ಅಗ್ಗ, ಕಿರಾಣಿ ಅಂಗಡಿಗೆ ಬಹಳ ತುಟ್ಟಿ. ಕಿರಾಣಿಯವರು ಮರುವರ್ಷ ಪೆಂಡಾಲ್ ಬಿಟ್ಟು ರೇಡಿಯಂ ಸ್ಟಿಕ್ಕರಿಗೆ, ಮಕ್ಕಳ ಕೈಪಟ್ಟಿಗೆ ಇಳಿಯಬಹುದು. ಲೆಕ್ಕ ಆದಮೇಲೆ ತಡಮಾಡದೆ ಜಾತ್ರಾ ಕಮಿಟಿಗೆ ಪತ್ರ ಕೊಟ್ಟು ಅದೇ ಜಾಗವನ್ನು ಮುಂದಿನ ವರ್ಷಕ್ಕೂ ಕೇಳಿಡಿ. ಕಳೆದ ಸಲ ಮಜ್ಜಿಗೆ ಸಿಕ್ಕ ಮರದ ನೆರಳಿಗೇ ಜನ ಮತ್ತೆ ಬರುತ್ತಾರೆ.